ಓಜರು, ಆಚಾರಿಗಳು ಮತ್ತು ನಾವು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಶಾಲೆಯ ಪ್ರವಾಸದಲ್ಲೋ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲೋ ಅಲ್ಲಿ ಇಳಿದು, ಕತ್ತೆತ್ತಿ ಮದನಿಕೆಯರ ವಿಗ್ರಹಗಳನ್ನು ಕಂಡು ಬೆರಗಾಗಿರುತ್ತೀರಿ. ‘ಇದನ್ನೆಲ್ಲ ಮಾಡಿದವರು ಯಾರು?’ ಎಂದು ಮಕ್ಕಳು ಕೇಳಿದಾಗ ‘ಜಕಣಾಚಾರಿ’ ಎಂದು ಹೇಳಿ ಮುಂದೆ ನಡೆದಿರುತ್ತೀರಿ. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ಆದರೆ ಅಲ್ಲಿನ ವಿಗ್ರಹಗಳ ಪೀಠಗಳಲ್ಲಿ ಚಿಕ್ಕ ಅಕ್ಷರಗಳಲ್ಲಿ ಕೊರೆದಿರುವುದು ಬೇರೆ ಹೆಸರುಗಳನ್ನು. ಜಕಣಾಚಾರಿ ಜನರ ಕಥೆಯಲ್ಲಿ ಬದುಕಿದ್ದಾನೆ; ಕಲ್ಲಿನ ಮೇಲೆ ಸಹಿ ಮಾಡಿದವರು ಬೇರೆಯವರು.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಈ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಅದಕ್ಕಾಗಿ ಇಂದಿನ ಶಿವಮೊಗ್ಗ ಜಿಲ್ಲೆಯಲ್ಲಿರುವ ಬಳ್ಳಿಗಾವೆಯಿಂದ ದಾಸೋಜನೂ ಅವನ ಮಗ ಚಾವಣನೂ ಬಂದರು. ತಂದೆಯ ಹೆಸರಿನಲ್ಲಿ ನಾಲ್ಕು, ಮಗನ ಹೆಸರಿನಲ್ಲಿ ಐದು ಮದನಿಕೆಯರನ್ನು ವಿದ್ವಾಂಸರು ಗುರುತಿಸಿದ್ದಾರೆ. ನಾಗೋಜ, ಮಲ್ಲೋಜ, ಮಲ್ಲಿಯಣ್ಣ ಮೊದಲಾದವರ ಹೆಸರುಗಳೂ ಅಲ್ಲಿವೆ. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 1246ರ ಸುಮಾರಿಗೆ ನುಗ್ಗೇಹಳ್ಳಿಯಲ್ಲಿಯೂ ಅನಂತರ ಸೋಮನಾಥಪುರದಲ್ಲಿಯೂ ಕೆಲಸ ಮಾಡಿದ ಮಲ್ಲಿತಮ್ಮನು ಕೆಲವೆಡೆ ‘ಮಲ್ಲಿ’ ಎಂದೂ ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರದಿಂದಲೂ ತನ್ನ ಗುರುತು ಬಿಟ್ಟಿದ್ದಾನೆ. ನಾವು ಕಾಗದಪತ್ರದ ಕೊನೆಯಲ್ಲಿ ಚುಟುಕು ಸಹಿ ಹಾಕುವಂತೆಯೇ ಅಲ್ಲವೇ?

ಇಲ್ಲಿ ನಾವು ಗಮನಿಸಬೇಕಾದುದೊಂದಿದೆ. ಈ ಶಿಲ್ಪಿಗಳು ತಮ್ಮನ್ನು ಏನೆಂದು ಕರೆದುಕೊಂಡರು? ದಾಸೋಜ, ನಾಗೋಜ, ಮಲ್ಲೋಜ ಎಂಬ ಹೆಸರುಗಳ ಕೊನೆಯಲ್ಲಿ ‘ಓಜ’ ಎಂಬ ಪದವಿದೆ. ಇದು ಸಂಸ್ಕೃತದ ‘ಉಪಾಧ್ಯಾಯ’ ಎಂಬ ಪದದ ತದ್ಭವ ರೂಪ. ಓಜನೆಂದರೆ ಕಲಿಸುವವನು, ಗುರು. ‘ಆಚಾರಿ’ ಎಂಬುದು ‘ಆಚಾರ್ಯ’ ಎಂಬುದರಿಂದ ಬಂದಿತು. ಅದರ ಅರ್ಥವೂ ಗುರುವೆಂದೇ. ‘ರೂವಾರಿ’ ಎಂಬುದು ‘ರೂಪಕಾರಿ’ಯಿಂದ ಬಂದಿತು, ರೂಪವನ್ನು ಕೊಡುವವನು ಎಂದು ಅದರ ಅರ್ಥ. ಎದುರಾಳಿ ರೂವಾರಿಗಳ ಗರ್ವವನ್ನು ಮುರಿಯುವವನು ಎಂಬರ್ಥದ ಬಿರುದುಗಳನ್ನು ಸಹ ಕೆಲವರು ಧರಿಸಿದ್ದರು. ಉಳಿ ಹಿಡಿದ ಕೈ ತನ್ನನ್ನು ಕೂಲಿಯ ಕೈಯೆಂದು ಬರೆದುಕೊಳ್ಳಲಿಲ್ಲ, ವಿದ್ಯೆಯ ಕೈಯೆಂದು ಬರೆದುಕೊಂಡಿತು.

ಇದು ಹೊಯ್ಸಳರ ಕಾಲದಲ್ಲಿ ಹುಟ್ಟಿದ ಪದ್ಧತಿಯೂ ಅಲ್ಲ. 8ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಗುಂಡ ಎಂಬ ಸೂತ್ರಧಾರಿಯನ್ನು ಹೆಸರಿಸುತ್ತವೆ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಸೂತ್ರಧಾರಿಯ ಹೆಸರೂ ಅಲ್ಲಿದೆ. ಸೂತ್ರಧಾರಿಯೆಂದರೆ ಅಳತೆಯ ದಾರವನ್ನು ಹಿಡಿದವನು. ಕಟ್ಟಿಸಿದ ರಾಣಿಯ ಹೆಸರಿನೊಂದಿಗೆ ಕಟ್ಟಿದವನ ಹೆಸರೂ ಕಲ್ಲಿನಲ್ಲಿ ಉಳಿದುಕೊಂಡಿತು.

ಆದರೆ ಎಲ್ಲ ಕಸುಬಿನವರಿಗೂ ಕಲ್ಲಿನ ಮೇಲೆ ಸ್ಥಳ ಸಿಗಲಿಲ್ಲ. ಬಿದಿರಿನ ಬುಟ್ಟಿಯ ಮೇಲೆ ಯಾರು ಸಹಿ ಹಾಕುತ್ತಾರೆ? ಹಗ್ಗದ ಮೇಲೆ, ನೂಲಿನ ಮೇಲೆ ಹೆಸರು ಬರೆಯುವುದಾದರೂ ಹೇಗೆ? ಇಂಥವರ ಹೆಸರು ನಮಗೆ ತಲಪಿರುವುದು ಇನ್ನೊಂದು ದಾರಿಯಿಂದ. 12ನೆಯ ಶತಮಾನದ ಶರಣರಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮೇದಾರ ಕೇತಯ್ಯನಿದ್ದನು, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನಿದ್ದನು, ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆಯಿದ್ದಳು. ಇವರ ಹೆಸರುಗಳಲ್ಲಿ ಓಜ, ಆಚಾರಿ ಎಂಬ ಗೌರವದ ಪದಗಳಿಲ್ಲ. ಬದಲಿಗೆ ಮೇದಾರ, ನುಲಿ, ಕದಿರು ಎಂಬ ಕಸುಬಿನ ಪದಗಳೇ ಹೆಸರಿನ ಮೊದಲಲ್ಲಿ ನಿಂತಿವೆ. ಕಸುಬನ್ನು ಮರೆಮಾಚದೆ ಅದನ್ನೇ ಹೆಸರಿನ ಭಾಗವಾಗಿಸಿಕೊಂಡು ಅವರು ವಚನಗಳನ್ನು ರಚಿಸಿದರು. ಒಬ್ಬರು ಕಸುಬಿಗೆ ಗೌರವದ ಹೆಸರನ್ನು ಕೊಟ್ಟರೆ, ಇನ್ನೊಬ್ಬರು ಕಸುಬಿನ ಹೆಸರಿಗೇ ಗೌರವವನ್ನು ತಂದರು. ಈ ಎರಡು ದಾರಿಗಳೂ ಕನ್ನಡ ನಾಡಿನವೇ.

ಇಂದಿಗೂ ಈ ಎರಡು ದಾರಿಗಳಲ್ಲಿ ಜನರು ನಡೆಯುತ್ತಿದ್ದಾರೆ. ಮರ, ಕಬ್ಬಿಣ, ಕಂಚು, ಚಿನ್ನ, ಕಲ್ಲುಗಳಲ್ಲಿ ಕೆಲಸ ಮಾಡುವ ಮನೆತನದವರು ‘ವಿಶ್ವಕರ್ಮ’ರೆಂದು ಕರೆದುಕೊಳ್ಳಲು ಇಷ್ಟಪಡುತ್ತಾರೆ. ಕರಾವಳಿಯ ಕುಂಬಾರ ಮನೆತನಗಳಲ್ಲಿ ‘ಕುಲಾಲ’ ಎಂಬ ಹೆಸರು ರೂಢಿಯಲ್ಲಿದೆ; ಉತ್ತರ ಕರ್ನಾಟಕದಲ್ಲಿ ‘ಕುಂಬಾರ’ ಎಂಬುದನ್ನೇ ಮನೆತನದ ಹೆಸರಾಗಿ ಅಭಿಮಾನದಿಂದ ಬರೆಯುವವರಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಬೊಂಬೆಗಳನ್ನು ಮಾಡುವವರು ಬೊಂಬೆಯವರಲ್ಲ, ‘ಚಿತ್ರಗಾರ’ರು. ಸರ್ಕಾರಿ ಕಾಗದಗಳಲ್ಲಿ ಇವರೆಲ್ಲರೂ ‘ಕುಶಲಕರ್ಮಿ’ಗಳು. ಪದವೇನೋ ಚೆನ್ನಾಗಿಯೇ ಇದೆ. ಆದರೆ ನನಗೆ ಪರಿಚಯವಿರುವ ಯಾವ ಬಡಗಿಯೂ ‘ನಾನು ಕುಶಲಕರ್ಮಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಲ್ಲಿ ನೆನೆಯಬೇಕು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಅವರು ದೇಶವನ್ನೆಲ್ಲ ಸುತ್ತಿ, ಮೂಲೆಯಲ್ಲಿ ಕುಳಿತಿದ್ದ ನೇಕಾರರನ್ನೂ ಕುಂಬಾರರನ್ನೂ ಬೆಳಕಿಗೆ ತಂದರು. 1965ರಿಂದ ಉತ್ತಮ ಕರಕುಶಲಿಗರಿಗೆ ರಾಷ್ಟ್ರ ಪ್ರಶಸ್ತಿಗಳು ಆರಂಭವಾದವು. 2002ರಲ್ಲಿ ಅದಕ್ಕಿಂತಲೂ ಹಿರಿದಾದ ಒಂದು ಪ್ರಶಸ್ತಿಯನ್ನು ಸ್ಥಾಪಿಸಿದಾಗ ಅದಕ್ಕಿಟ್ಟ ಹೆಸರು ‘ಶಿಲ್ಪ ಗುರು’. ದಾಸೋಜನು ಒಂಬತ್ತು ಶತಮಾನಗಳ ಹಿಂದೆ ಹೆಸರಿನಲ್ಲಿಯೇ ಹೊತ್ತುಕೊಂಡಿದ್ದ ಗೌರವವದು.

ಹಾಗಾದರೆ ನಡುವೆ ಆದದ್ದೇನು? ಗುರುವೆಂಬ ಅರ್ಥದ ‘ಆಚಾರಿ’ ಎಂಬ ಪದ ನಮ್ಮ ಬಾಯಲ್ಲಿ ಹೇಗೆ ಇಷ್ಟು ಸಣ್ಣದಾಯಿತು? ಪದಗಳು ತಾವಾಗಿಯೇ ಸಣ್ಣದಾಗುವುದಿಲ್ಲ. ಆಡುವವರು ಅವುಗಳನ್ನು ಸಣ್ಣದಾಗಿಸುತ್ತಾರೆ. ನಜರೇತಿನ ಜನರು ಯೇಸುವನ್ನು ಕುರಿತು ‘ಇವನು ಆ ಬಡಗಿಯಲ್ಲವೇ?’ ಎಂದು ಕೇಳಿದರೆಂದು ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ತಿಳಿಸುತ್ತದೆ. ಅಲ್ಲಿರುವ ‘ಟೆಕ್ಟೋನ್’ ಎಂಬ ಗ್ರೀಕ್ ಪದವು ಮರಗೆಲಸದವನನ್ನೂ ಕಟ್ಟುವವನನ್ನೂ ಸೂಚಿಸುವ ಒಳ್ಳೆಯ ಪದವೇ. ಕುಂದು ಇದ್ದದ್ದು ಪದದಲ್ಲಲ್ಲ, ಕೇಳಿದವರ ದನಿಯಲ್ಲಿ.

ಈ ಮಾತನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತಿದೆ. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ದೇವಾಲಯಕ್ಕೆ ಹೊಸ ಬೆಂಚುಗಳನ್ನು ಮಾಡಿಸಿದೆವು. ಪ್ರತಿ ಬೆಂಚಿನ ಬೆನ್ನ ಮೇಲೂ ದಾನಿಗಳ ಹೆಸರನ್ನು ಬಣ್ಣದಲ್ಲಿ ಬರೆಸಿದೆವು. ಹಲವು ವರ್ಷಗಳ ಮೇಲೆ ಅಲ್ಲಿಗೆ ಹೋದಾಗ, ಯಾವುದೋ ವಿವರಕ್ಕಾಗಿ ಹಳೆಯ ಲೆಕ್ಕಪುಸ್ತಕವನ್ನು ತೆರೆಯಬೇಕಾಯಿತು. ಮರಕ್ಕೆ ಕೊಟ್ಟ ಹಣದ ಮುಂದೆ ಅಂಗಡಿಯ ಹೆಸರಿತ್ತು. ಬಣ್ಣಕ್ಕೆ ಕೊಟ್ಟ ಹಣದ ಮುಂದೆಯೂ ಅಂಗಡಿಯ ಹೆಸರಿತ್ತು. ಮೂರನೆಯ ಸಾಲಿನಲ್ಲಿ ಇದ್ದದ್ದು ‘ಆಚಾರಿಗೆ ಕೂಲಿ’ ಎಂದಷ್ಟೇ. ಅಕ್ಷರ ನನ್ನದೇ. ಎರಡು ತಿಂಗಳು ನಮ್ಮ ಅಂಗಳದಲ್ಲಿ ಮರ ಕೊಯ್ದು, ನನ್ನೊಡನೆ ಚಹಾ ಕುಡಿದ ಆ ಮನುಷ್ಯನ ಹೆಸರು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಅರಸರ ಕಾಲದಲ್ಲಿ ಕಲ್ಲಿನ ಮೇಲೆ ಉಳಿದ ಹೆಸರು ನನ್ನ ಕಾಲದಲ್ಲಿ ಕಾಗದದ ಮೇಲೆಯೂ ಉಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಊರಿನ ಹಿರಿಯರೊಬ್ಬರನ್ನು ವಿಚಾರಿಸಿದೆ. ಅವರು ತಕ್ಷಣವೇ ಹೆಸರು ಹೇಳಿದರು. ಆತ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಆ ಮೂರನೆಯ ಸಾಲಿನ ಪಕ್ಕದಲ್ಲಿ ಹೆಸರನ್ನು ಬರೆದಿಟ್ಟು ಬಂದೆ. ಮಾಡಬಹುದಾದದ್ದು ಅಷ್ಟೇ ಉಳಿದಿತ್ತು.

ಪ್ರಿಯ ಓದುಗರೇ, ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮುಂದಿನ ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಪೀಠದ ಕೆಳಗಿನ ಚಿಕ್ಕ ಅಕ್ಷರಗಳನ್ನೂ ತೋರಿಸಿ. ಮನೆಗೆ ಬಾಗಿಲು ಕೂರಿಸಲು, ಬುಟ್ಟಿ ಮಾರಲು, ಒಲೆ ಸರಿಮಾಡಲು ಬರುವವರನ್ನು ಅವರ ಹೆಸರು ಕೇಳಿ ಕರೆಯಿರಿ. ಕಸುಬಿನಿಂದ ಕರೆಯುವುದಾದರೆ ಯಾವ ಪದ ಅವರಿಗೆ ಇಷ್ಟವೆಂದು ಅವರನ್ನೇ ಕೇಳಿರಿ. ಆ ಹೆಸರನ್ನು ಎಲ್ಲಿಯಾದರೂ ಬರೆದಿಡಿ. ಮನೆಯ ಲೆಕ್ಕಪುಸ್ತಕದಲ್ಲಾದರೂ ಸರಿಯೇ.