ರಸ್ತೆಯ ಕರ್ತೃ ಯಾರು?

ನಮ್ಮ ಪಠ್ಯಪುಸ್ತಕಗಳಲ್ಲಿ ರಸ್ತೆಗಳು ತಾವಾಗಿಯೇ ಆಗಿಬಿಡುತ್ತವೆ. ‘ಘಟ್ಟ ಕಡಿಯಲಾಯಿತು’, ‘ರಸ್ತೆ ನಿರ್ಮಿಸಲಾಯಿತು’. ಕರ್ತೃವಿಲ್ಲದ ಈ ವಾಕ್ಯಗಳನ್ನು ಓದಿಯೇ ನಾನು ಎಂ.ಎ. ಪಾಸಾದೆ, ಈಗ ಅವನ್ನೇ ಪಾಠ ಮಾಡುತ್ತೇನೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ಕಾಡಿನೊಳಗೆ ಇಳಿಯುವ ಕಣ್ಣೂರು ರಸ್ತೆಯನ್ನು ನಡೆದೇ ನೋಡಬೇಕೆನಿಸಿದ್ದು ಈ ವ್ಯಾಕರಣದ ಮೇಲಿನ ಅನುಮಾನದಿಂದ.

ಕೊಡಗಿಗೆ ಕಡಲಿಲ್ಲ. ಉಪ್ಪು ಘಟ್ಟ ಹತ್ತಿಯೇ ಬರಬೇಕಿತ್ತು. 1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಈ ಘಟ್ಟಸಾಲು ಹತ್ತಿ ಟಿಪ್ಪುವಿನ ಮೇಲೆ ಹೋಯಿತು. ಮರುವರ್ಷ ದೊಡ್ಡವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದ. 1834ರಲ್ಲಿ ಕೊಡಗೇ ಕಂಪನಿಯ ಪಾಲಾಯಿತು. ದೊರೆ, ಜನರಲ್, ಕಂಪನಿ ಇವರಿಗೆಲ್ಲ ಚರಿತ್ರೆಯಲ್ಲಿ ಕರ್ತೃಪದವಿದೆ. ಫಿರಂಗಿ ಎಳೆದವರಿಗೆ, ಕಲ್ಲು ಒಡೆದವರಿಗೆ ಇಲ್ಲ.

ಆಗ ಕೊಡಗಿನ ಗದ್ದೆಗಳಲ್ಲಿ ಹೊಲೆಯರು, ಯರವರು ಗುಲಾಮರಾಗಿ ದುಡಿಯುತ್ತಿದ್ದರು. 1843ರ 5ನೇ ಕಾಯ್ದೆ ಕಂಪನಿಯ ಕೋರ್ಟುಗಳಲ್ಲಿ ಗುಲಾಮಗಿರಿಯ ಮಾನ್ಯತೆಯನ್ನಷ್ಟೇ ತೆಗೆಯಿತು. ಮನುಷ್ಯರನ್ನು ಗುಲಾಮರೆಂದು ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಯಾದ ಮೇಲೆ. ನಡುವೆ 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. 1859ರಲ್ಲಿ 13ನೇ ಕಾಯ್ದೆ ಬಂತು: ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟನ ಆದೇಶಕ್ಕೂ ಬಗ್ಗದಿದ್ದರೆ ಮೂರು ತಿಂಗಳವರೆಗೆ ಜೈಲು. ಗಮನಿಸಿ, ಆಳನ್ನು ಮಾರಿದವನನ್ನು ಶಿಕ್ಷಿಸುವ ಕಾನೂನಿಗಿಂತ ಮೂರು ವರ್ಷ ಮೊದಲೇ ಕೆಲಸ ಬಿಟ್ಟ ಆಳನ್ನು ಶಿಕ್ಷಿಸುವ ಕಾನೂನು ಬಂದಿತ್ತು. ದಕ್ಷಿಣದ ತೋಟಗಳಿಗೆ ಅದು ಆಮೇಲೆ ಚೆನ್ನಾಗಿಯೇ ಒದಗಿತು.

ಇಳಿಜಾರು ಶುರುವಾಗುವ ಮೊದಲು ತೋಟವೊಂದರ ಲೈನ್‌ಮನೆಯ ಮುಂದೆ ಕೂತಿದ್ದ ಅಜ್ಜನನ್ನು ಮಾತಾಡಿಸಿದೆ. ‘ಈ ರಸ್ತೆ ಯಾರು ಕಡಿದ್ರು ಅಜ್ಜ?’

‘ನಂಗೇನು ಗೊತ್ತು ಮೇಷ್ಟ್ರೇ? ಮಳೇಲಿ ಬರೆ ಜರಿದ್ರೆ ಮಣ್ಣು ತೆಗಿಯೋಕೆ ನಮ್ಮನ್ನೇ ಕರೀತಿದ್ರು. ನಮ್ಮಪ್ಪನ್ನೂ ಕರೀತಿದ್ರು.’

ನನ್ನ ಎಂ.ಎ. ನೋಟ್ಸಿನಲ್ಲಿ ಇಲ್ಲದ ಸಾಕ್ಷ್ಯ ಇದು. ಎರಡೇ ತಲೆಮಾರಿನದು, ಆದರೆ ಕರ್ತೃ ಇರುವ ಸಾಕ್ಷ್ಯ.

ಕಾಡು ಮುಗಿದು ಗಡಿ ದಾಟಿದ ಮೇಲೆ ಕಣ್ಣೂರಿನ ಬಸ್ಸು ಹಿಡಿದೆ. ಕಣ್ಣೂರಿಗೆ ಸ್ವಲ್ಪ ಮೊದಲು ಅಂಜರಕಂಡಿ. ಹದಿನೆಂಟನೇ ಶತಮಾನದ ಕೊನೆಗೆ ಕಂಪನಿ ಇಲ್ಲಿ ದಾಲ್ಚಿನ್ನಿ ತೋಟ ಮಾಡಿತು. ಅದು ಮರ್ಡಾಕ್ ಬ್ರೌನ್ ಕೈಯಲ್ಲಿತ್ತು. ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳನ್ನು ಆ ತೋಟದಲ್ಲಿ ದುಡಿಸುತ್ತಿದ್ದದ್ದು 1811ರಲ್ಲಿ ಥಾಮಸ್ ಬೇಬರ್ ಎಂಬ ಮ್ಯಾಜಿಸ್ಟ್ರೇಟನಿಂದ ಬಯಲಾಯಿತು. ಕಣ್ಣೂರಿನ ಉತ್ತರಕ್ಕೆ ಏಳೋಂ ಕಡೆ ಹೋದರೆ ಕೈಪಾಡ್ ಗದ್ದೆಗಳು. ಕಡಲ ಉಪ್ಪುನೀರು ನುಗ್ಗುವ ಕೆಸರು. ಬೇಸಿಗೆಯಲ್ಲಿ ಮಣ್ಣಿನ ಗುಪ್ಪೆ ಏರಿಸಿ, ಮಳೆ ಉಪ್ಪನ್ನು ತೊಳೆದ ಮೇಲೆ ಭತ್ತ ಬಿತ್ತುತ್ತಾರೆ. ತಲೆಮಾರುಗಳ ಕಾಲ ಆ ಕೆಸರಿನಲ್ಲಿ ನಿಂತು ದುಡಿದವರಲ್ಲಿ ಪುಲಯರಿದ್ದಾರೆ. ಮೇಲೆ ಕಾಡು, ಕೆಳಗೆ ಉಪ್ಪುಗದ್ದೆ. ಎರಡೂ ತುದಿಯಲ್ಲಿ ದುಡಿದವರು ನಮ್ಮವರೇ. ‘ಉಪ್ಪಿನ ಋಣ’ ಎಂದು ಧಣಿಗಳು ನಮಗೆ ನೀತಿ ಹೇಳುತ್ತಾರಲ್ಲ, ಯಾರ ಋಣ ಯಾರ ಮೇಲಿದೆ?

ಇದು ಹಳೇ ಕತೆಯಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕಿತ್ತುಹಾಕಿತು. ಅವರಲ್ಲಿ ಎಷ್ಟೋ ಜನ ಲೈನ್‌ಮನೆ ಬಿಟ್ಟು ಬಂದವರು. ಅದನ್ನೂ ನಾವು ‘ತೆರವುಗೊಳಿಸಲಾಯಿತು’ ಎಂದೇ ಹೇಳಿ ಸುಮ್ಮನಾಗುತ್ತೇವೆ. ಮತ್ತದೇ ವ್ಯಾಕರಣ.

ವಾಪಸು ಬಂದು ತರಗತಿಯಲ್ಲಿ ‘ರಸ್ತೆ ನಿರ್ಮಿಸಲಾಯಿತು’ ಎಂದು ಬೋರ್ಡಿನ ಮೇಲೆ ಬರೆದೆ. ಇದನ್ನು ಕರ್ತರಿಗೆ ತಿರುಗಿಸಿ ಅಂದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಯಾರು ಅಂತ ಬರೀಬೇಕು ಸಾರ್?’

ಸುಳ್ಳು ಹೆಸರು ಹಾಕುವಂತಿಲ್ಲ. ಕೂಲಿಪಟ್ಟಿ, ಮೇಸ್ತ್ರಿಗಳ ಮುಂಗಡದ ಲೆಕ್ಕ, ಕೋರ್ಟಿನ ಕಾಗದ, ಲೈನ್‌ಮನೆಯ ನೆನಪು ಇವನ್ನೆಲ್ಲ ಹುಡುಕಬೇಕು. ದಲಿತ ವಿಮರ್ಶೆ ಕಾವ್ಯವನ್ನಷ್ಟೇ ಓದಿದರೆ ಸಾಲದು. ಆ ಹುಡುಗಿಯ ಪ್ರಶ್ನೆ ಬೋರ್ಡಿನ ಮೇಲೆ ಇನ್ನೂ ಹಾಗೇ ಇದೆ, ನಾನು ಅಳಿಸಿಲ್ಲ.