ಮಗ ಕಟ್ಟಿದ ತೆರಿಗೆ, ಅಮ್ಮನ ಆಸ್ಪತ್ರೆ ಬಿಲ್

1965ರ ಜುಲೈ 30ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಮಾಜಿ ಅಧ್ಯಕ್ಷ ಟ್ರೂಮನ್ ಅವರ ಊರಿಗೇ ಹೋಗಿ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಬಂತು. ಎರಡು ತಿಂಗಳು ಕಳೆದು, ಅಕ್ಟೋಬರ್ 3ರಂದು, ಅದೇ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಹೊಸ ವಲಸೆ ಕಾನೂನಿಗೂ ಸಹಿ ಹಾಕಿದರು. ಭಾರತೀಯರಿಗೆ ವರ್ಷಕ್ಕೆ ಬರೀ 100 ಅಂತಿದ್ದ ಕೋಟಾ ಹೋಯ್ತು. ಅಲ್ಲಿಯ ಪ್ರಜೆಯಾದವರು ಅಪ್ಪ-ಅಮ್ಮನನ್ನು ಕೋಟಾದ ಹಂಗಿಲ್ಲದೆ ಕರೆಸಿಕೊಳ್ಳಬಹುದು ಅಂತಾಯ್ತು.

ನಮ್ಮ ಕಡೆಯ ಡಾಕ್ಟರುಗಳು, ಎಂಜಿನಿಯರುಗಳು ದಂಡಿಯಾಗಿ ಹೋಗಿದ್ದು ಈ ಎರಡನೇ ಕಾನೂನಿನಿಂದ. ಆದರೆ ಅವರ ಹಿಂದೆ ಹೋದ ಹಿರಿಯರಿಗೆ ಮೊದಲನೇ ಕಾನೂನು ಸುಲಭಕ್ಕೆ ದಕ್ಕಲಿಲ್ಲ.

ಯಾಕೆ ಅಂದ್ರೆ, ಮೆಡಿಕೇರಿನ ಆಸ್ಪತ್ರೆ ವಿಮೆ ಕಂತಿಲ್ಲದೆ ಸಿಗೋಕೆ ತಾವೋ ತಮ್ಮ ಸಂಗಾತಿಯೋ ಅಲ್ಲಿ ಸುಮಾರು 10 ವರ್ಷ ದುಡಿದು ತೆರಿಗೆ ಕಟ್ಟಿರಬೇಕು. ಮಗ 20 ವರ್ಷ ಕಟ್ಟಿದ್ದರೂ ಅಮ್ಮನ ಲೆಕ್ಕಕ್ಕೆ ಬರಲ್ಲ. ದುಡ್ಡು ಕೊಟ್ಟು ತಗೋತೀವಿ ಅಂದರೂ, ಪ್ರಜೆಯಲ್ಲದವರು ಗ್ರೀನ್ ಕಾರ್ಡ್ ಜೊತೆಗೆ ಸತತ 5 ವರ್ಷ ಅಲ್ಲೇ ವಾಸ ಮಾಡಿರಬೇಕು.

1996ರಲ್ಲಿ ಕ್ಲಿಂಟನ್ ಕಾಲದಲ್ಲಿ ಗಂಟು ಇನ್ನೂ ಬಿಗಿಯಾಯ್ತು. ಬಡವರಿಗಿರುವ ಮೆಡಿಕೇಡ್ ಕೂಡ ಹೊಸ ಗ್ರೀನ್ ಕಾರ್ಡಿನ ಹೆಚ್ಚಿನವರಿಗೆ ಮೊದಲ 5 ವರ್ಷ ಇಲ್ಲ ಅಂದರು. ಕೆಲವು ರಾಜ್ಯಗಳು ಮಾತ್ರ ಸ್ವಂತ ಖರ್ಚಲ್ಲಿ ಕೊಟ್ಟವು. ಅದೇ ವರ್ಷ, ಹೆತ್ತವರನ್ನು ಸಾಕ್ತೀನಿ ಅಂತ ಮಕ್ಕಳು ಬರೆದುಕೊಡುವ ಮುಚ್ಚಳಿಕೆ ಕೋರ್ಟಿನಲ್ಲಿ ನಿಲ್ಲುವ ಕರಾರಾಯ್ತು. ಅಂದರೆ ಹೊಣೆ ಹೊರೋಕೆ ಮಗನ ಸಹಿ ಬೇಕು, ಸೌಲಭ್ಯಕ್ಕೆ ಮಗನ ತೆರಿಗೆ ಬೇಡ!

2010ರ ಒಬಾಮಾ ಕಾನೂನು ಬಂದ ಮೇಲೆ ಇಂಥ ಹಿರಿಯರು ಖಾಸಗಿ ವಿಮೆಯನ್ನಾದರೂ ಕೊಳ್ಳುವಂತಾಯ್ತು, ಆದಾಯ ನೋಡಿ ಸಬ್ಸಿಡಿಯೂ ಸಿಕ್ಕಿತು. ಆದರೆ ಆಫೀಸಿನ ಪಾಲಿಸಿಯಲ್ಲಿ ಕುಟುಂಬ ಅಂದ್ರೆ ಸಾಮಾನ್ಯವಾಗಿ ಗಂಡ, ಹೆಂಡತಿ, ಮಕ್ಕಳು ಅಷ್ಟೇ. ಬೆಂಗಳೂರಿನಲ್ಲಿ ನಾವು ಫಾರ್ಮಿನಲ್ಲಿ ಒಂದು ಟಿಕ್ ಹಾಕಿ ಅಪ್ಪ-ಅಮ್ಮನನ್ನು ಸೇರಿಸ್ತೀವಲ್ಲ, ಆ ಅನುಕೂಲ ಅಲ್ಲಿ ಅಪರೂಪ.

ಅಲ್ಲಿ ನೆಲೆಸಿರುವ ನನ್ನ ಗೆಳೆಯನೊಬ್ಬ ಅಮ್ಮನ ಬಿಪಿ ಮಾತ್ರೆಗಳನ್ನು ಊರಿಂದ ಬರುವವರ ಕೈಲಿ ತರಿಸ್ತಾನೆ. ಅವನಿಗೆ ಮಾತ್ರೆಯ ಚಿಂತೆಯಿಲ್ಲ. ಮಗನಿಗೆ ಖರ್ಚಾಗುತ್ತೆ ಅಂತ ಅಮ್ಮ ನೋವನ್ನೇ ಹೇಳದೆ ನುಂಗಿಕೊಳ್ತಾರಲ್ಲ, ಅದರದ್ದೇ ಭಯ. ಹಳ್ಳಿಯಲ್ಲಿ ಬೆಳೆದ ನನಗೆ ಮಗನ ದುಡಿಮೆ, ತಾಯಿಯ ಕಾಯಿಲೆ ಎರಡೂ ಒಂದೇ ಮನೆಯ ಲೆಕ್ಕ. ಅಲ್ಲಿಯ ಕಾನೂನಿಗೆ ಅವು ಬೇರೆ ಬೇರೆ ಖಾತೆ. ಹೆತ್ತವರನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ, ಟಿಕೆಟ್ಟಿಗಿಂತ ಮೊದಲು ಆ 5 ವರ್ಷದ ಲೆಕ್ಕ ಹಾಕಿಬಿಡಿ.