ಏಟು ಎಣಿಸಿದವರು, ಮಗುವನ್ನು ಕೇಳದವರು: ಶಾಲಾ ಶಿಕ್ಷೆಯ ಎರಡು ಶತಮಾನ

1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸಿನ ರೆವಿನ್ಯೂ ಬೋರ್ಡಿಗೆ ವರದಿ ಬರೆದ. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಆದೇಶಿಸಿದ್ದ ಸಮೀಕ್ಷೆಯ ಭಾಗವಿದು. ಒಟ್ಟು 533 ಶಾಲೆ, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳೇ 235. ಇತಿಹಾಸಕಾರ ಧರ್ಮಪಾಲರು 1983ರಲ್ಲಿ ಈ ಕಾಗದಪತ್ರಗಳನ್ನು ಸಂಕಲಿಸಿ ಪ್ರಕಟಿಸಿದ ಮೇಲೆ ದೇಶೀ ಶಿಕ್ಷಣ ಎಷ್ಟು ಹರಡಿತ್ತೆಂಬ ಚರ್ಚೆ ಸಾಕಷ್ಟು ನಡೆದಿದೆ. ಅದೇ ವರದಿಯಲ್ಲಿರುವ ಏಟಿನ ವಿವರಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಹೆಚ್ಚು. ಕ್ಯಾಂಪ್‌ಬೆಲ್ಲನ ಅಂಕಿಗಳ ಪ್ರಕಾರ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಅಂದರೆ ಕೊನೆಗೆ ಬಂದವನಿಗೆ ದಿನ ಬೆಳಗಾದರೆ ಹತ್ತು ಏಟು. ಅವನು ಪಾಠ ಒಪ್ಪಿಸಿದನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬಡ ತಂದೆತಾಯಿ ಮಕ್ಕಳನ್ನು ದುಡಿಮೆಗೆ ಹಚ್ಚುವುದರಿಂದ ಓದು ನಿಲ್ಲುತ್ತಿದೆ ಎಂದು ಅದೇ ವರದಿ ಮರುಗುತ್ತದೆ. ಮನೆಗೆಲಸ ಮುಗಿಸಿ ಓಡಿಬರುವ ಹುಡುಗನೇ ಸಾಲಿನ ಕೊನೆಗೆ ನಿಂತಿರುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಆದರೆ ಈ ಎರಡು ಸಂಗತಿಗಳನ್ನು ಕಲೆಕ್ಟರ್ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ.

ಸೋಮಾರಿಗಳಿಗೆ ಬೇರೆ ಶಿಕ್ಷೆಗಳಿದ್ದವು. ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದು. ಹಳೆಯ ಹಳ್ಳಿಶಾಲೆಗಳಾದ ನಮ್ಮ ಕೂಲಿಮಠಗಳ ನೆನಪುಗಳಲ್ಲಿ ಇದು ‘ಕೋದಂಡ’. ಇನ್ನೊಂದು ಬಸ್ಕಿ. ಇವು ಕಠೋರವೆಂದು ಕ್ಯಾಂಪ್‌ಬೆಲ್ ಒಪ್ಪುತ್ತಾನೆ, ಬಸ್ಕಿ ಬಹುಶಃ ಆರೋಗ್ಯಕ್ಕೆ ಒಳ್ಳೆಯದೆಂದೂ ಸೇರಿಸುತ್ತಾನೆ. ತೂಗುಹಾಕಿದ ಮಗುವಿಗೆ ಏನನ್ನಿಸಿತು ಎಂಬುದು ವರದಿಯಲ್ಲಿಲ್ಲ.

ಕಾನೂನೂ ಆ ಮಗುವನ್ನು ಕೇಳಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 89ನೇ ಕಲಮು, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರು, ಅಥವಾ ಅವರ ಒಪ್ಪಿಗೆಯಿಂದ ಇತರರು, ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಕೆಲವು ಮಿತಿಗಳೊಳಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಥಾಮಸ್ ಹಾಪ್ಲಿ ಎಂಬ ಶಿಕ್ಷಕ ವಿದ್ಯಾರ್ಥಿಯನ್ನು ಹೊಡೆದು ಕೊಂದ ಪ್ರಕರಣದಲ್ಲಿ ನ್ಯಾಯಾಲಯ ಅವನನ್ನು ಶಿಕ್ಷಿಸಿತು, ‘ಮಿತವಾದ’ ಶಿಕ್ಷೆಯ ಹಕ್ಕನ್ನು ಮಾತ್ರ ಉಳಿಸಿತು. ಎರಡೂ ಕಡೆ ತೂಗಿದ್ದು ಹೊಡೆದವನ ಉದ್ದೇಶವನ್ನು, ಏಟಿನ ಪ್ರಮಾಣವನ್ನು. “ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮೇಷ್ಟ್ರೇ” ಎಂದು ಮಗನನ್ನು ಒಪ್ಪಿಸುತ್ತಿದ್ದ ನಮ್ಮ ಅಪ್ಪಂದಿರು 89ನೇ ಕಲಮನ್ನು ಓದಿರಲಿಲ್ಲ. ಆದರೆ ಅದು ಬೇಡುವ ಒಪ್ಪಿಗೆಯನ್ನು ಬಾಯ್ತುಂಬ ಕೊಟ್ಟಿದ್ದರು.

ಮಕ್ಕಳನ್ನೇ ದೊಡ್ಡ ಪ್ರಮಾಣದಲ್ಲಿ ಕೇಳಿದ್ದು ತೀರಾ ಈಚೆಗೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಯಿತು. ಶಾಲೆಗೆ ಹೋಗುವವರಲ್ಲಿ ಮೂವರಲ್ಲಿ ಇಬ್ಬರು ತಮಗೆ ಅಲ್ಲಿ ಏಟು ಬಿದ್ದಿದೆ ಎಂದರು.

ಏಟಿನ ಪರಿಣಾಮ ಅಳೆಯುವುದು ಸುಲಭವಲ್ಲ. ತುಂಟನಾದ್ದರಿಂದ ಹೊಡೆತವೋ, ಹೊಡೆತದಿಂದ ತುಂಟತನವೋ ಎಂಬ ತಕರಾರು ನ್ಯಾಯವಾದದ್ದೇ. ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ ಸುಮಾರು 1.6 ಲಕ್ಷ ಮಕ್ಕಳ ಮೇಲಿನ 75 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಮುಖ್ಯವಾಗಿ ಪರಿಶೀಲಿಸಿದ್ದು ಹೆತ್ತವರು ಕೊಡುವ ಬರಿಗೈಯ ಸಾಧಾರಣ ಏಟನ್ನೇ. ಆಕ್ರಮಣಶೀಲತೆ, ಮಾನಸಿಕ ತೊಂದರೆ, ಹೆತ್ತವರೊಡನೆ ಹಳಸಿದ ಸಂಬಂಧ, ಇವುಗಳೊಂದಿಗೆ ಅದಕ್ಕೆ ನಂಟು ಕಂಡಿತು. ಒಂದೇ ಗುಂಪಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ 69 ಅಧ್ಯಯನಗಳ ವಿಮರ್ಶೆ 2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕಾಲ ಕಳೆದಂತೆ ನಡತೆಯ ಸಮಸ್ಯೆ ಹೆಚ್ಚುತ್ತದೆ, ನಡತೆ ಸುಧಾರಿಸಿದ ಪುರಾವೆ ಇಲ್ಲ ಎಂಬುದು ಅದರ ನಿರ್ಣಯ. ಇವುಗಳಲ್ಲಿ ಬಹುಪಾಲು ಅಮೆರಿಕದವು. ಹಾಗೆಂದು ನಮಗೆ ಅನ್ವಯಿಸದೆಂದು ತಳ್ಳಿಹಾಕುವವರು, ನಮ್ಮ ಮಕ್ಕಳಿಗೆ ನೋವು ಬೇರೆ ಥರ ಆಗುತ್ತದೆಂದು ಮೊದಲು ತೋರಿಸಬೇಕಾಗುತ್ತದೆ.

2000ದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಬೆತ್ತದ ಅವಕಾಶವನ್ನು ರದ್ದುಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ತಪ್ಪಿತಸ್ಥ ಶಿಕ್ಷಕರ ಮೇಲೆ ಅದು ಹೇಳುವುದು ಸೇವಾ ನಿಯಮದ ಶಿಸ್ತು ಕ್ರಮವನ್ನಷ್ಟೇ. ಮನೆಯೊಳಗಿನ ಏಟನ್ನು ಆ ಕಲಮು ಮುಟ್ಟುವುದಿಲ್ಲ. ಸ್ವೀಡನ್ 1979ರಲ್ಲೇ ಹೆತ್ತವರ ಏಟನ್ನೂ ನಿಷೇಧಿಸಿತ್ತು. ನಮ್ಮಲ್ಲಿ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಾಗಲೂ, ಹನ್ನೆರಡರೊಳಗಿನ ಮಗುವಿನ ಪೋಷಕರಿಗೆ 1860ರಲ್ಲಿ ಕೊಟ್ಟ ರಕ್ಷಣೆ ಹಾಗೇ ಮುಂದುವರಿಯಿತು.